ಕಾಗೆಗೆ ಕೊಟ್ಟ ಮಾತು, ರಬ್ಬರಿನ ಸೀಗಡಿ

ಕಾಗೆಗೆ ಮಾತು ಕೊಡುವ ಮೊದಲು ನೂರು ಸಲ ಯೋಚಿಸಬೇಕು. ಮನುಷ್ಯರಿಗೆ ಕೊಟ್ಟ ಮಾತಾದರೆ ಏನಾದರೂ ನೆಪ ಹೇಳಿ ಜಾರಿಕೊಳ್ಳಬಹುದು. ಕಾಗೆ ದಿನಾ ಬೆಳಿಗ್ಗೆ ಅಡುಗೆಮನೆಯ ಕಿಟಕಿಗೇ ಬಂದು ಕೂರುತ್ತದೆ.

ನಮ್ಮ ಮನೆಯವರು ತೀರಿಕೊಂಡಾಗ ದಿನಕಾರ್ಯ ಖಾನಾಪುರದಲ್ಲಿ, ಮಲಪ್ರಭೆಯ ದಂಡೆಯಲ್ಲಿ ನಡೆಯಿತು. ಎಡೆ ಇಟ್ಟು ಎಲ್ಲರೂ ದೂರ ಸರಿದು ನಿಂತೆವು. ಕಾಗೆ ಮರದ ಮೇಲಿತ್ತು. ಇಳಿಯಲಿಲ್ಲ. ಕಾಗೆ ಎಡೆ ಮುಟ್ಟದಿದ್ದರೆ ಹೋದವರ ಆಸೆ ಏನೋ ಉಳಿದಿದೆ ಎಂದು ಅರ್ಥ. ಇವರ ಅಣ್ಣ, ಅಂದರೆ ನಮ್ಮ ಭಾವ, ಕೈಮುಗಿದು ಒಂದೊಂದೇ ಮಾತು ಕೊಡತೊಡಗಿದರು.

"ಶಾಂತವ್ವನ್ನ ಚಲೋತ್ನ್ಯಾಗ ನೋಡ್ಕೋತೀನಪಾ."

ಶಾಂತವ್ವ ಎಂದರೆ ನಾನು. ಕಾಗೆ ರೆಕ್ಕೆ ಕೆದರಿಕೊಂಡಿತು.

"ಮನಿ ಮುಂದಿನ ಕಟ್ಟಿ ಕಟ್ಟಿಸ್ತೀನಿ."

ಕಾಗೆ ಆಚೆ ಮುಖ ಮಾಡಿತು.

ಉಳಿದ ಆಸೆ ಯಾವುದೆಂದು ನನಗೆ ಗೊತ್ತಿತ್ತು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ಗುಮಾಸ್ತರಾಗಿದ್ದ ಈ ಮನುಷ್ಯನಿಗೆ ಸಮುದ್ರದ ಹುಚ್ಚು ಎಲ್ಲಿಂದ ಅಂಟಿತ್ತೋ. ರಜೆ ಬಂತೆಂದರೆ ಗಾಳದ ಕೋಲು ಹಿಡಿದು ಗೋವಾದ ಜೆಟ್ಟಿಗೆ ಹೋಗುವರು. ಬರಿಗೈಯಲ್ಲಿ ಬರುವರು. ಆ ಬರಿಗೈ ಎರಡನ್ನೂ ಅಗಲಿಸಿ, "ಇಷ್ಟ್ ದೊಡ್ಡದಿತ್ತು, ದಂಡಿಗೆ ಬಂದು ತಪ್ಪಿಸಿಕೊಂತು" ಎನ್ನುವರು. ಹೇಳಿದ ಹಾಗೆಲ್ಲ ಮೀನು ಬೆಳೆಯುತ್ತಿತ್ತು. ಖಾನಾಪುರದ ಮನೆಯಲ್ಲಿ ಇವರು ಗಾಳದ ಸುದ್ದಿ ತೆಗೆದರೆ ಸಾಕು, ಭಾವ ಮುಂದಿದ್ದ ಚಹಾದ ಕಪ್ಪು ದೂರ ಸರಿಸುತ್ತಿದ್ದರು. ಹಿಂದೊಮ್ಮೆ ಇವರ ಕೈ ಅಗಲವಾಗುತ್ತ ಹೋಗಿ, ಆ ಮೀನಿನ ಬಾಲ ತಗುಲಿ ಎರಡು ಕಪ್ಪು ಒಡೆದಿದ್ದವು.

ನಾನು ಮುಂದೆ ಹೋಗಿ ಹೇಳಿದೆ. "ನಿಮ್ಮ ಗಾಳದಿಂದನ ಸಮುದ್ರದ ಮೀನು ಹಿಡದು ವರ್ಷದ ಎಡಿಗೆ ಇಡ್ತೇನ್ರಿ. ಈಗ ಊಟ ಮಾಡ್ರಿ."

ಕಾಗೆ ಇಳಿದು ಬಂತು. ಮೊದಲು ವಡೆ ತಿಂದಿತು. ನಮ್ಮವರೂ ಹಾಗೆಯೇ.

ಮನೆಗೆ ಬಂದ ಮೇಲೆ ಭಾವ ಮೆಲ್ಲಗೆ ಹೇಳಿದರು, "ಶಾಂತವ್ವಾ, ಆ ಹೊತ್ತಿನ ಮಾತು ಅದು. ಸಂತಿಯಿಂದ ಒಂದು ಬಾಂಗಡಾ ಮೀನು ತಂದು ಇಟ್ರಾತು. ನೀ ಕೋಲು ಹಿಡದು ಜೆಟ್ಟಿ ಮ್ಯಾಲ ನಿಂತ್ರ ಜನ ಏನಂದಾರು?"

"ಜನಕ್ಕ ನಾ ಏನೂ ಮಾತು ಕೊಟ್ಟಿಲ್ರಿ ಭಾವ. ಕಾಗಿಗೆ ಕೊಟ್ಟೇನಿ."

ನನಗೆ ಹೆದರಿಕೆ ಇರಲಿಲ್ಲ. ಮದುವೆಯಾದಂದಿನಿಂದ ನಾನು ಈರುಳ್ಳಿ ಹೆಚ್ಚುತ್ತಿರುವಾಗಲೆಲ್ಲ ಗಾಳದ ವಿದ್ಯೆಯನ್ನು ಕೇಳಿದವಳು. ದಾರದ ತುದಿಗೆ ಆಮಿಷವಾಗಿ ಕಟ್ಟುವುದು ನಕಲಿ ಮೀನು: ನೀರು ತಿಳಿಯಾಗಿದ್ದರೆ ಬೆಳ್ಳಿ ಬಣ್ಣದ ತಗಡಿನದು, ಕದಡಿದ್ದರೆ ಕಣ್ಣಿಗೆ ಹೊಡೆಯುವ ಬಣ್ಣದ್ದು. ದೂರಕ್ಕೆ ಎಸೆಯಲು ಭಾರದ್ದು, ತಳದಲ್ಲಿ ಆಡಿಸಲು ರಬ್ಬರಿನ ಸೀಗಡಿ. ಎಸೆಯಬೇಕು, ಮುಳುಗಲು ಬಿಡಬೇಕು, ಕೋಲಿನ ತುದಿ ಎತ್ತಬೇಕು, ಮತ್ತೆ ಬಿಡಬೇಕು. ಇಷ್ಟೇ ತಾನೆ? ಟ್ಯೂಬ್‌ಲೈಟ್ ಉರಿಯುವ ಅಂಗಡಿಯಿಂದ ಸೀರೆಯನ್ನು ಬಾಗಿಲ ಬಿಸಿಲಿಗೆ ತಂದು ನೋಡಿ ಆರಿಸುವವಳು ನಾನು. ಮೀನಿಗೆ ಬಣ್ಣ ಆರಿಸಲಾರೆನೇ?

ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಅಭ್ಯಾಸ ಆರಂಭವಾಯಿತು. ಮೊದಲ ಎಸೆತಕ್ಕೇ ಭಾರವಾದದ್ದೇನೋ ಸಿಕ್ಕಿತು. ಶಾಸ್ತ್ರದ ಪ್ರಕಾರ ತುದಿ ಎತ್ತಿ ಎಳೆದೆ. ಪಕ್ಕದ ಮಾಳಿಗೆಯಿಂದ ಹೂವಿನ ಚಾದರವೊಂದು ಹಾರಿಬಂತು. ಅದರ ಹಿಂದೆಯೇ ಅದರ ಒಡತಿ ಶಮೀಮ್ ಆಪಾ ಮೆಟ್ಟಿಲು ಹತ್ತಿ ಬಂದರು.

"ಯಾ ಅಲ್ಲಾ, ಶಾಂತಾ, ಚಾದರ ಬೇಕಂದ್ರ ಕೇಳಬಾರದೇನ?"

ವಿಷಯ ಹೇಳಿದೆ. ಆಪಾ ನಗಲಿಲ್ಲ. ಗಾಳದ ಡಬ್ಬಿ ತೆರೆದು ರಬ್ಬರಿನ ಸೀಗಡಿಯನ್ನು ಮೂಗಿಗೆ ಹಿಡಿದರು. "ಇದರಾಗ ವಾಸನಿನ ಇಲ್ಲ. ಯಾವ ಮೀನು ಬಾಯಿ ಹಾಕೀತು? ತಾ ಇಲ್ಲಿ."

ಒಣಸೀಗಡಿ ಕುಟ್ಟಿ, ಬೆಳ್ಳುಳ್ಳಿ ಹಾಕಿ ಮಸಾಲೆಯಾಯಿತು. ಕೊಕ್ಕೆ ಬಿಚ್ಚಿ ಸೀಗಡಿಗೆ ಲೇಪಿಸಿ ಮಾಳಿಗೆಯ ಕಟ್ಟೆಯ ಮೇಲೆ ಒಣಗಲಿಟ್ಟೆವು. ಬೀದಿಯ ಬೆಕ್ಕು ಕಚ್ಚಿಕೊಂಡು ಓಡಿತು. ಅಟ್ಟಿಸಿಕೊಂಡು ಹೋಗಿ ಬಿಡಿಸಿ ತಂದೆವು. ನಮ್ಮ ವಿಧಾನ ಸರಿಯಾಗಿದೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ವರ್ಷದ ಎಡೆ ಹತ್ತಿರ ಬಂದಾಗ ಇಬ್ಬರೂ ಗೋವಾದ ರೈಲು ಹತ್ತಿದೆವು. ರೈಲು ಖಾನಾಪುರದಲ್ಲಿ ನಿಂತಾಗ, ಭಾವನ ಕಡೆಯವರು ಯಾರಾದರೂ ಕಂಡಾರೆಂದು ಕೋಲನ್ನು ಸೀಟಿನ ಕೆಳಗೆ ತಳ್ಳಲು ಹೋದೆ. ಆಮೇಲೆ ಮತ್ತೆ ಎತ್ತಿ ಕಿಟಕಿಯ ಪಕ್ಕ ನಿಲ್ಲಿಸಿದೆ. ಅದು ಇವರು ಕೂರುತ್ತಿದ್ದ ಜಾಗ. ಕೋಲಿನ ಹಿಡಿಗೆ ಇವರೇ ಸುತ್ತಿದ ಹಸಿರು ಟೇಪು, ಹೆಬ್ಬೆರಳು ಕೂರುವ ಕಡೆ ಸವೆದು ತಗ್ಗಾಗಿತ್ತು. ನನ್ನ ಹೆಬ್ಬೆರಳು ಅದಕ್ಕೆ ಸಣ್ಣದು.

ಜೆಟ್ಟಿಯ ನೀರು ತಿಳಿಯಾಗಿತ್ತು. ಬೆಳ್ಳಿಯ ತಗಡಿನ ಮೀನು ಕಟ್ಟಿ, ಬಲವನ್ನೆಲ್ಲ ಹಾಕಿ ಎಸೆದೆ. ಎಷ್ಟು ದೂರ ಹಾರಿತೆಂದರೆ ನನಗೇ ಹೆಮ್ಮೆಯಾಯಿತು. ಆಮೇಲೆ ನೋಡಿದರೆ ದಾರದ ತುದಿ ನನ್ನ ಕಾಲ ಬಳಿಯೇ ಬಿದ್ದಿತ್ತು. ಗಂಟು ಬಿಚ್ಚಿತ್ತು.

ಎರಡನೆಯದು ಕೆಂಪು ತಲೆಯ ಮರದ ಮೀನು. ಈ ಸಲ ಗಂಟನ್ನು ಹಲ್ಲಿನಿಂದ ಬಿಗಿದೆ. ಮುಳುಗಲು ಬಿಟ್ಟು ತುದಿ ಎತ್ತಿದೆ. ಕೋಲು ಬಿಲ್ಲಿನಂತೆ ಬಾಗಿತು. ಆಪಾ ನನ್ನ ಸೊಂಟ ಹಿಡಿದುಕೊಂಡರು. ಗಾಳ ಹಾಕುತ್ತಿದ್ದವರೆಲ್ಲ ಕೋಲು ಕೆಳಗಿಟ್ಟು ಸುತ್ತ ಸೇರಿದರು. ಒಬ್ಬರು ಮೊಬೈಲು ತೆಗೆದರು. ತಿಮಿಂಗಿಲವೇ ಇರಬೇಕೆಂದು ಹಲ್ಲು ಕಚ್ಚಿ ಜಗ್ಗಿದೆ. ಆಪಾ ಬಗ್ಗಿ ಕೆಳಗೆ ನೋಡಿದರು.

"ಶಾಂತಾ, ಜಗ್ಗಬ್ಯಾಡ."

"ಯಾಕ್ರೀ ಆಪಾ?"

"ನೀ ಯಾತರ ಮ್ಯಾಲ ನಿಂತೀಯೋ ಅದನ್ನ ಜಗ್ಗಾಕತ್ತೀ."

ಕೊಕ್ಕೆ ಜೆಟ್ಟಿಯ ಕಂಬಕ್ಕೆ ಕಚ್ಚಿತ್ತು. ಜೆಟ್ಟಿ ಬಿಡಲಿಲ್ಲ, ದಾರ ಹರಿಯಿತು. ನಾವಿಬ್ಬರೂ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದೆವು. ಸೇರಿದವರು ಸಭ್ಯರು. ನಾವು ಏಳುವವರೆಗೆ ಕಾದು ನಕ್ಕರು.

"ಹೋಗೂಣೇನ?" ಎಂದರು ಆಪಾ, ಸೊಂಟ ತಿಕ್ಕಿಕೊಳ್ಳುತ್ತ.

"ನೀವು ಕುಂದರ್ರಿ. ನಾ ಇನ್ನೂ ಹಾಕಾಕಿ."

ಉಳಿದದ್ದು ಬೆಕ್ಕು ಕಚ್ಚಿದ ಸೀಗಡಿಯೊಂದೇ. ಎಸೆಯುವ ಗೊಡವೆಗೇ ಹೋಗದೆ ಜೆಟ್ಟಿಯ ಅಂಚಿನಿಂದ ನೇರ ಕೆಳಗೆ ಬಿಟ್ಟೆ. ಎತ್ತಿದೆ, ಬಿಟ್ಟೆ. ಬಿಸಿಲು ನೆತ್ತಿಗೇರಿ ಇಳಿಯತೊಡಗಿತು. ಎತ್ತಿದೆ, ಬಿಟ್ಟೆ. ಸವೆದ ಟೇಪಿನ ಮೇಲೆ ಹೆಬ್ಬೆರಳಿಗೆ ಸಣ್ಣಗೆ ಏನೋ ತಟ್ಟಿತು. ಈ ಸಲ ಅದು ಜೆಟ್ಟಿಯಲ್ಲ.

ನನ್ನ ಬೆರಳಿನಷ್ಟುದ್ದದ ಮೀನು. ಕೊಕ್ಕೆ ಬಿಡಿಸಿ ಕಲ್ಲಿನ ಮೇಲಿಟ್ಟೆ. ಡಬ್ಬಿ ತೆಗೆಯಲು ಚೀಲದತ್ತ ತಿರುಗಿದೆ. ಅಷ್ಟೇ. ಕಾಗೆಯೊಂದು ಇಳಿದು, ಮೀನು ಕಚ್ಚಿಕೊಂಡು, ದೋಣಿಯ ಕಂಬದ ಮೇಲೆ ಕೂತು ನುಂಗಿತು.

ಆಪಾ ಸೆರಗು ತಲೆಗೆ ಎಳೆದುಕೊಂಡು ಕಂಬದತ್ತ ನೋಡಿದರು. ಆಮೇಲೆ, "ಭಾಯಿಸಾಬ್ ತಾವ ಬಂದು ಒಯ್ದ್ರಲ್ಲ" ಎಂದರು.

"ಅವರು ಇಷ್ಟ್ ಚುರುಕ ಇರಲಿಲ್ರಿ" ಎಂದೆ.

ಅಲ್ಲೇ ಕೂತು ಇಬ್ಬರೂ ನಕ್ಕೆವು. ಕೊನೆಕೊನೆಗೆ ಅದು ನಗುವೇ ಆಗಿತ್ತೆಂದು ಹೇಳಲಾರೆ.

ವರ್ಷದ ದಿನ ಖಾನಾಪುರದಲ್ಲಿ ಭಾವ ನನಗೆ ಗೊತ್ತಾಗದಂತೆ ಎಡೆಯಲ್ಲಿ ಸಂತೆಯ ಬಾಂಗಡಾ ಇಡಲು ಬಂದರು. ಕೈ ಅಡ್ಡ ಹಿಡಿದೆ.

"ಅವರ ಮೀನು ಅವರಿಗೆ ಮುಟ್ಟೇತಿ. ಕೊಂಡಿದ್ದು ಬ್ಯಾಡ."

ಮೀನಿನ ಜಾಗ ಖಾಲಿಯೇ ಉಳಿಯಿತು. ಕಾಗೆ ತಕರಾರಿಲ್ಲದೆ ಬಂದು ವಡೆ ತಿಂದಿತು. ನಾನು ಭಾವನತ್ತ ನೋಡಿದೆ. ಅವರು ಬೇಕೆಂದೇ ನದಿಯತ್ತ ನೋಡುತ್ತಿದ್ದರು.

ಮನೆಗೆ ಬಂದು ಚಹಾಕ್ಕೆ ಕೂತಾಗ ಅವರೇ ಕೇಳಿದರು, "ಖರೇ ಹೇಳವಾ, ಖರೇನ ಹಿಡದ್ಯಾ?"

"ಖರೇನ ಹಿಡದ್ನಿರಿ. ದಂಡಿಗೆ ತಂದಿದ್ದೆ. ಅಷ್ಟರಾಗ ಹೋತು."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತೆಂದು ನನಗೇ ಕೇಳಿಸಿತು. ಸಾಕ್ಷಿ ಹೇಳಬೇಕಿದ್ದ ಆಪಾ ಮಗಳ ಊರಿಗೆ ಹೋಗಿದ್ದರು.

"ಎಷ್ಟ್ ದೊಡ್ಡದಿತ್ತು?"

ಬೆರಳುದ್ದ ತೋರಿಸಬೇಕೆಂದೇ ಕೈ ಎತ್ತಿದೆ, ಆಣೆ ಮಾಡಿ ಹೇಳುತ್ತೇನೆ. ಕೈಗಳು ಗೇಣಷ್ಟು ಅಗಲವಾದವು. ಮೊಳದಷ್ಟಾದವು. ಅಲ್ಲಿಗೂ ನಿಲ್ಲಲಿಲ್ಲ.

ಭಾವ ಚಹಾದ ಕಪ್ಪನ್ನು ದೂರ ಸರಿಸಿದರು.