ಚಂದ್ರನ ಮೇಲೆ ಸಂಕಷ್ಟಿ

ನನ್ನ ಕಥೆಯ ಆ ಗಾಡಿಗೆ ನಾನೊಂದು ಹೆಸರಿಟ್ಟಿದ್ದೆ. ಚಂದ್ರ... ಚಂದ್ರಟಾಂಗಾ ಅಲ್ಲ, ಚಂದ್ರಮೋಟಾರೂ ಅಲ್ಲ. ಬಾಯಲ್ಲೇ ಇದೆ, ಹೊರಗೆ ಬರುತ್ತಿಲ್ಲ ಪುಟ್ಟಿ, ನೀನು ಬರೆಯುತ್ತಾ ಹೋಗು. ಇರಲಿ. ಕಥೆಯಲ್ಲಿ ಮನುಷ್ಯರನ್ನು ಎಷ್ಟು ದೂರ ಕಳಿಸಿದರೂ ಅವರ ದೇವರು, ಉಪವಾಸ, ಮಡಿ ಹಿಂದೆಯೇ ಗಂಟು ಕಟ್ಟಿಕೊಂಡು ಹೊರಡುತ್ತವೆ. ಮೈಸೂರಿಗೆ ಬಂದು ಇಷ್ಟು ವರ್ಷವಾದರೂ ಇದನ್ನು ಕಾಣುತ್ತಲೇ ಇದ್ದೇನೆ. ಮೊದಲು ಕಂಡದ್ದು ಮಾತ್ರ ಜಮಖಂಡಿಯಲ್ಲಿ, ಸಂಸ್ಥಾನದ ಕಾಲದಲ್ಲಿ.

ಹೆಣ್ಣುಮಕ್ಕಳ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನಾನೊಂದು ಕಥೆ ಬರೆದಿದ್ದೆ. ನಾಲ್ಕು ಹುಡುಗಿಯರು ಆ ಗಾಡಿ ಹತ್ತಿ ಚಂದ್ರನಿಗೆ ಹೋಗಿ, ಅಲ್ಲೇ ಊರು ಕಟ್ಟುತ್ತಾರೆ. ನಮ್ಮ ಶಿಕ್ಷಕಿ ಅಕ್ಕಾವರು ಓದಿ ಹೇಳಿದರು: "ಕತಿ ಛಲೋ ಆಗೇದ. ಆದ್ರ ಚಂದ್ರನ್ನ ನೋಡಿ ವ್ರತಾ ಮಾಡೂ ಮಂದಿ ಭಾಳ. ಮೊದಲ ಓಣ್ಯಾಗ ಓದಿ ತೋರಸು. ಒಬ್ರು ಬ್ಯಾಡ ಅಂದ್ರೂ ಕತಿ ಇಲ್ಲ, ಸ್ವಾಗತದ ಹಾಡು ಹೇಳು."

ಹಾಡಲು ನನಗೆ ಗಂಟಲಿರಲಿಲ್ಲ. ಏನಾದರಾಗಲಿ, ಕಥೆಯನ್ನೇ ಓದುವುದೆಂದು ಹಟ ಹಿಡಿದೆ.

ಅಜ್ಜಿಯ ಪ್ರಶ್ನೆ

ನಮ್ಮ ಮನೆಯಲ್ಲಿ ಹೂಂ ಅನ್ನಬೇಕಾದವಳು ಅಜ್ಜಿ. ಕೇಳಿ ಮುಗಿಸಿ ಒಂದೇ ಪ್ರಶ್ನೆ ಹಾಕಿದಳು. "ಅಲ್ಲೆ ಸಂಕಷ್ಟಿ ಹೆಂಗ ಮಾಡ್ತಾರ? ಚಂದ್ರ ಕಾಲಾಗ ಇದ್ದಾನ. ಯಾರನ್ನ ನೋಡಿ ಉಣಬೇಕು?"

"ಭೂಮಿ ನೋಡಿ ಉಣ್ತಾರ."

"ಭೂಮಿ ಎಷ್ಟೊತ್ತಿಗೆ ಹುಟ್ತದ?"

ಅಕ್ಕಾವರು ಹೇಳಿಕೊಟ್ಟದ್ದನ್ನೇ ಹೇಳಿದೆ: "ಅದು ಹುಟ್ಟೂದೂ ಇಲ್ಲ, ಮುಳುಗೂದೂ ಇಲ್ಲ. ಯಾವಾಗಲೂ ಅಲ್ಲೇ ಇರ್ತದ."

"ಅಂದ್ರ ಮುಂಜಾನೆ ಎದ್ದ ಕೂಡ್ಲೆ ಉಂಡರೂ ನಡೀತದ. ಇದೇನು ಉಪಾಸ? ನಾ ಈಗ ಹೂಂ ಅನ್ನೂದಿಲ್ಲ. ಗ್ಯಾದರಿಂಗದಾಗ ಮುಂದ ಕೂತು ಪೂರಾ ಕೇಳ್ತೀನಿ. ಸರಿ ಅನಿಸದಿದ್ರ ಇಂಥಾದ್ದು ಕಲಸೂ ಸಾಲಿನ ಬ್ಯಾಡ, ಬಿಡಸ್ತೀನಿ."

ಅಜ್ಜಿ ಹಾಗಂದರೆ ಅಪ್ಪನೂ ತಿರುಗಿ ಮಾತಾಡುತ್ತಿರಲಿಲ್ಲ. ಆದರೂ ಬ್ಯಾಡ ಅಂದಿಲ್ಲವಲ್ಲ ಎಂದು ಓಣಿಗಿಳಿದೆ.

ತೇರದಾಳದ ಕಾಕೂ

ಪಕ್ಕದ ಮನೆಯ ಜೈನರ ಸೊಸೆ ತೇರದಾಳದವಳು; ಚಿಕ್ಕಮ್ಮನನ್ನು ಕರೆಯುವ ಹಾಗೆ ಅವಳನ್ನು ಕಾಕೂ ಅನ್ನುತ್ತಿದ್ದೆ. ಅವರಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಚಂದ್ರನ ಮೇಲೆ ರಾತ್ರಿಯೆಂದರೆ ಹದಿನೈದು ದಿನ ಎಂದು ಓದಿದ ಕೂಡಲೇ ಅವಳ ಮುಖ ಅರಳಿತು.

"ನಿನ್ನ ಗಾಡ್ಯಾಗ ಒಂದ ಜಾಗಾ ಐತೇನ? ನಮ್ಮ ಅತ್ತಿಯವರನ್ನ ಕೂಡ್ರಸು. ಉಪಾಸಂದ್ರ ಅವರಿಗೆ ಭಾಳ ಜೀವ."

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಗೆ ಎಲ್ಲವೂ ಕೇಳಿಸುತ್ತಿತ್ತು. "ಹಗಲೂ ಹದಿನೈದ ದಿನ ಇರಬೇಕಲ್ಲ ಮಗಳ?"

"ಹೌದ್ರಿ."

"ಹಂಗಾರ ಇಕಿನ್ನೂ ಕೂಡ್ರಸು. ಹದಿನೈದ ದಿನ ಒಲಿ ಆರಸೂದ ಬ್ಯಾಡ."

ಮಗ್ಗದವರ ಸೂಟಿ

ಬನಹಟ್ಟಿಯಿಂದ ಸೀರೆಯ ಗಂಟು ಹೊತ್ತು ಬರುತ್ತಿದ್ದ ನೇಕಾರ ಕಾಕಾನನ್ನೂ ಕೂರಿಸಿ ಓದಿದೆ. ಅವರ ಕಡೆ ಅಮಾವಾಸ್ಯೆಗೆ ಯಾರೂ ಮಗ್ಗ ಮುಟ್ಟುತ್ತಿರಲಿಲ್ಲ, ಅದೇ ಅವರ ರಜೆ.

"ಚಂದ್ರನ ಮ್ಯಾಲ ನಿಂತವರಿಗೆ ಅಮಾಸಿ ಎಲ್ಲಿಂದ ಬರಬೇಕವ್ವಾ? ತಿಂಗಳಿಗೆ ಒಂದ ಸೂಟಿ ಐತಿ, ಅದನ್ನೂ ಕಸಗೊಂತೀಯೇನು?"

ನಾನು ಅಕ್ಕಾವರ ಹತ್ತಿರ ಓಡಿ ಕೇಳಿ ಬಂದೆ. "ಐತ್ರಿ ಕಾಕಾ. ನಮಗ ಹುಣ್ಣಿಮಿ ಇದ್ದ ದಿನ ಅಲ್ಲಿಂದ ಭೂಮಿ ಕಾಣೂದಿಲ್ಲಂತ. ಅದ ಅವರ ಅಮಾಸಿ."

ಕಾಕಾ ಸಮಾಧಾನದಿಂದ ಗಂಟು ಹೆಗಲಿಗೇರಿಸಿದ. "ಹಂಗಾರ ಓದವ್ವಾ. ಇಲ್ಲಿ ಅಮಾಸಿ ಹಿಡದು ಗಾಡಿ ಹತ್ತತೀನಿ, ಅಲ್ಲಿ ಹುಣ್ಣಿಮಿ ಹಿಡೀತೀನಿ. ತಿಂಗಳಿಗೆ ಎರಡ ಸೂಟಿ ಆತು."

ಇಳಿಸು ಅವರನ್ನ

ಗ್ಯಾದರಿಂಗು ಸಂಕಷ್ಟಿಯ ದಿನವೇ ಬಂತು. ಅಜ್ಜಿ ಉಪವಾಸದಲ್ಲೇ ಮುಂದೆ ಕೂತು ಕೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳು ತಟ್ಟಲಿಲ್ಲ. ನನ್ನ ಶಾಲೆ ಇವತ್ತಿಗೆ ಮುಗಿಯಿತು ಅಂದುಕೊಂಡೆ.

ಚಂದ್ರ ಹುಟ್ಟಿದಾಗ ಎಲ್ಲರೂ ಮಾಳಿಗೆ ಹತ್ತಿದೆವು. ಅಜ್ಜಿ ಅರ್ಘ್ಯದ ತಂಬಿಗೆ ಎತ್ತಿದವಳು ಹಾಗೇ ಕೆಳಗಿಟ್ಟಳು.

"ಯಾಕ್ರಿ ಅತ್ತಿ, ಅರ್ಘ್ಯ ಬಿಡೂದಿಲ್ಲೇನು?" ಅಂದಳು ಅವ್ವ.

"ಹೆಂಗ ಬಿಡ್ಲಿ? ಇಕಿ ನಾಕ ಹುಡುಗ್ಯಾರನ್ನ ಅಲ್ಲೇ ಬಿಟ್ಟು ಬಂದಾಳ. ನೀರು ಅವರ ತಲಿ ಮ್ಯಾಲ ಬೀಳ್ತದ."

"ಅಜ್ಜಿ, ಅದು ಕತಿ," ಅಂದೆ.

"ಸಂಕಷ್ಟಿದೂ ಕತಿನ. ಅದನ್ನ ನಂಬಿ ಮುಂಜಾನಿಂದ ಹಸದೀನಿ. ಇಳಸು ಅವರನ್ನ. ಆಮ್ಯಾಲ ಉಣ್ತೀನಿ."

ಅವಳು ಹಸಿದಿದ್ದಳು. ನಾನು ನಿಂತಲ್ಲೇ ಗಾಡಿ ಹೊರಡಿಸಿದೆ. "ಹೊಂಟಿತು... ಇಳೀಲಿಕ್ಕೆ ಹತ್ತೇದ..."

"ನಮ್ಮ ಮ್ಯಾಲ ಬ್ಯಾಡ. ಮಣ್ಣಿನ ಮಾಳಗಿ, ಕುಸೀತದ."

"ಗಲಗಲಿ ಹತ್ರ ಹೊಳ್ಯಾಗ ಧಬಕ್ಕಂತ ಬಿತ್ತು."

"ಹುಡುಗ್ಯಾರು?"

"ನಾಕೂ ಮಂದಿ ಈಸಿ ದಂಡಿಗೆ ಬಂದ್ರು."

ಅಜ್ಜಿ ಅರ್ಘ್ಯ ಬಿಟ್ಟು, ಕೈಮುಗಿದು, ಅವ್ವನ ಕಡೆ ತಿರುಗಿದಳು. "ಹೊಳ್ಯಾಗ ಬಿದ್ದರಂದ್ರ ಜಳಕಾನೂ ಆತು. ನಾಕ ಎಲಿ ಹೆಚ್ಚಿಗಿ ಹಾಕು." ಆಮೇಲೆ ನನಗೆ: "ನಾಳೆ ಸಾಲಿಗೆ ಹೊತ್ತ ಮಾಡಬ್ಯಾಡ. ಆದ್ರ ಇನ್ನ ಮ್ಯಾಲ ಯಾರನ್ನ ಕಳಿಸಿದ್ರೂ ನಾ ಉಣ್ಣೂದ್ರಾಗ ಕೆಳಗಿಳಸು."

ಹಾಂ, ಬಂತು. ಚಂದ್ರಚಕ್ಕಡಿ. ಪುಟ್ಟಿ, ಮತ್ತೆ ಮರೆಯುವ ಮೊದಲು ಬರೆದುಕೋ.