ಸೈಟೇಶನ್ನಿಗೆ ಎಣ್ಣೆ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ದೇವರ ಮುಖ ನೋಡುತ್ತಾರೆ, ಕೆಲವರು ಶೇರು ಮಾರುಕಟ್ಟೆ ನೋಡುತ್ತಾರೆ, ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ನೀರಿನ ಟಾಕಿ ನೋಡುತ್ತಾರೆ. ನಾನು ಸೈಟೇಶನ್ ನೋಡುತ್ತೇನೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಒಬ್ಬ ಸಂಶೋಧಕನ ಪ್ರಬಂಧವನ್ನು ಇನ್ನೊಬ್ಬ ತನ್ನ ಪ್ರಬಂಧದಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್. ಮದುವೆ ಕಾರ್ಡಿನಲ್ಲಿ ಹೆಸರು ಹಾಕಿಸಿಕೊಂಡ ಸೋದರಮಾವನಿಗೆ ಆಗುವ ಸುಖವೇ ಇದು. ಹಾಕದಿದ್ದರೆ ಬರುವ ಸಿಟ್ಟೂ ಅಷ್ಟೇ. ನನ್ನ ಪ್ರಬಂಧ ಅಚ್ಚಾದ ಮೇಲೆ ಬಹಳ ಕಾಲ ಯಾರೂ ಕಾರ್ಡಿನಲ್ಲಿ ಹೆಸರು ಹಾಕಲಿಲ್ಲ. ಘಾಟ್ಕೋಪರ್‌ನಲ್ಲಿ ಲೋಕಲ್ ರೈಲು ಹತ್ತಿ, ಪರೇಲ್ ಬರುವಷ್ಟರಲ್ಲಿ ಏನಾದರೂ ಏರಿತೇ ಎಂದು ಮೊಬೈಲನ್ನು ತಿಕ್ಕುತ್ತಲೇ ಇರುತ್ತಿದ್ದೆ. ಒಮ್ಮೆ ಹೆಗಲ ಮೇಲಿಂದ ಇಣುಕಿ ಕ್ರಿಕೆಟ್ ಎಂದುಕೊಂಡ ಒಬ್ಬರು, "ಭಾಯ್, ಸ್ಕೋರ್ ಕ್ಯಾ ಹುವಾ?" ಎಂದರು. "ಅಭೀ ಖಾತಾ ನಹೀ ಖುಲಾ," ಎಂದು ಸೊನ್ನೆಯನ್ನು ಒಪ್ಪಿಕೊಂಡೆ. "ಪಿಚ್ ಖರಾಬ್ ಹೋಗಾ," ಎಂದು ಸಮಾಧಾನ ಹೇಳಿದರು.

ಪಿಚ್ ಅಂದರೆ ಮೆದುಳು. ಜನರ ತಲೆಗೆ ತಂತಿಗಳ ಟೋಪಿ ಹಾಕಿ, ಹಿಂದಿನಿಂದ ಹೆಸರು ಹಿಡಿದು ಕರೆದಾಗ ಗಮನ ಹೇಗೆ ಹೊರಳುತ್ತದೆಂದು ಮೆದುಳಿನ ಅಲೆಗಳಲ್ಲಿ ನೋಡುವುದು ನನ್ನ ಕೆಲಸ. ತಲೆ ಕೊಡಲು ಯಾರೂ ಸಿಗದಿದ್ದಾಗ ಅವ್ವ ತನ್ನ ಭಜನಾ ಮಂಡಳಿಯನ್ನೇ ಒಪ್ಪಿಸಿದಳು. ಧಾರವಾಡದ ಹೆಣ್ಣುಮಗಳು, ಒಣ ತಲೆಯಲ್ಲಿ ಯಾರನ್ನಾದರೂ ಮನೆಯಿಂದ ಹೊರಗೆ ಬಿಡುವುದುಂಟೇ? "ಕರೆಂಟಿನ ಟೊಪ್ಪಿಗಿ ಹಾಕ್ತಾರಂತ, ನೆತ್ತಿ ಕಾಯ್ತದ. ಎಲ್ಲಾರೂ ಛಂದಂಗ ಕೊಬ್ಬರಿ ಎಣ್ಣಿ ತಿಕ್ಕೊಂಡು ಬರ್ರಿ," ಎಂದು ಅಪ್ಪಣೆ ಮಾಡಿದ್ದಳಂತೆ. ಮಂಡಳಿ ಮಿರಮಿರ ಮಿಂಚುತ್ತ ಬಂತು. ಎಣ್ಣೆಯ ಮೇಲೆ ತಂತಿ ಸರಿಯಾಗಿ ಕೂರುವುದಿಲ್ಲ, ಸುಳ್ಳು ಅಲೆ ಏಳುತ್ತದೆ ಎನ್ನುವುದು ಈ ವಿದ್ಯೆಯ ಮೊದಲ ಪಾಠ. ಅದನ್ನು ಮರೆತ ಪಂಡಿತ ನಾನು ಟೋಪಿ ತೊಡಿಸಿದೆ. ಪರದೆಯ ಮೇಲೆ ಜುಹೂ ಕಡಲಿನಂಥ ಅಲೆಗಳು! "ಮ್ಯಾಡಮ್, ಇಂಥ ಅಲೆ ಜಗತ್ತಿನಲ್ಲೇ ಯಾರೂ ನೋಡಿಲ್ಲ!" ಎಂದು ಲ್ಯಾಬಿನ ಮುಖ್ಯಸ್ಥೆಯನ್ನು ಕೂಗಿ ಕರೆದೆ. ಆಕೆ ಬಂದು ಪಕ್ಕದ ಮನೆಯ ಸುನಂದಾ ಕಾಕುವಿನ ಬೈತಲೆಗೆ ಬೆರಳಿಟ್ಟು, ಮೂಸಿ, "ಹೇಗೆ ನೋಡುತ್ತಾರೆ? ಎಣ್ಣೆ ಚಂಪಿ ಮಾಡಿಸಿ ಯಾರು ಟೋಪಿ ಹಾಕುತ್ತಾರೆ?" ಎಂದು ಎಲ್ಲವನ್ನೂ ಬಿಸಾಡಲು ಹೇಳಿದರು. ಮತ್ತೆ ಬೇರೆ ತಲೆಗಳನ್ನು ಹುಡುಕಿ ಪ್ರಬಂಧ ಮುಗಿಸಿದೆ. ಆ ಅವಮಾನದ ನೆನಪಿಗೆ ಅದರೊಳಗೆಲ್ಲೋ ಒಂದು ಸಾಲು ಸೇರಿಸಿದೆ: ಎಣ್ಣೆ ಹಚ್ಚುವ ಜನರಿಗೆ ಎರಡು ಸಲ ಶಾಂಪೂ ಮಾಡಿಸಿ, ಒಣಗಿಸಿ, ಆಮೇಲೆ ಟೋಪಿ ಹಾಕಬೇಕು.

ಈ ವರ್ಷ ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು. "ಕಮಿಟಿ ನಿನ್ನ ಸೈಟೇಶನ್ ಕೇಳುತ್ತದೆ. ಸೊನ್ನೆ ತೋರಿಸಿದರೆ ನನ್ನ ಕೈಯಲ್ಲೂ ಏನಿಲ್ಲ, ಬಾಬಾ," ಎಂದು ಮ್ಯಾಡಮ್ ಮೊದಲೇ ಎಚ್ಚರಿಸಿದ್ದರು. ಅಷ್ಟರಲ್ಲಿ, ಕೇಳಿ, ಖಾತೆ ತೆರೆಯಿತು! ಒಂದಾದ ಮೇಲೊಂದು, ಮಳೆಗಾಲದ ಲೋಕಲ್ಲುಗಳ ಹಾಗೆ, ಬಾರದೆ ಬಾರದೆ ಎಲ್ಲಾ ಒಟ್ಟಿಗೇ ಬಂದವು. ಅವ್ವ ಬಿಲ್ಡಿಂಗಿಗೆಲ್ಲ ಪೇಡೆ ಹಂಚಿದಳು. ಕಮಿಟಿಯ ಹಿಂದಿನ ಸಂಜೆ, ಜಗತ್ತು ನನ್ನ ಸಿದ್ಧಾಂತವನ್ನು ಹೇಗೆ ಕೊಂಡಾಡಿದೆ ನೋಡೋಣ ಎಂದು ಆ ಪ್ರಬಂಧಗಳನ್ನು ತೆರೆದೆ. ಗಮನದ ಸುದ್ದಿ ಒಬ್ಬನೂ ಎತ್ತಿರಲಿಲ್ಲ. ಎಲ್ಲರೂ ನನ್ನ ಹೆಸರು ಹಾಕಿ ಬರೆದದ್ದು ಒಂದೇ ಮಾತು: ಈ ವಿದ್ವಾಂಸರು ಹೇಳಿದಂತೆ ತಲೆ ತೊಳೆಸಲಾಯಿತು.

ಅವ್ವನಿಗೆ ಹೇಳಿಕೊಂಡೆ. ಅಳುತ್ತಾಳೆಂದುಕೊಂಡರೆ ಕಣ್ಣರಳಿಸಿದಳು. "ಅಂದ್ರ ನನ್ನ ಎಣ್ಣೀಲಿಂದನ ನಿನಗ ಹೆಸರು ಬಂತಲ್ಲೋ! ಅದರಾಗ ನನ್ನ ಹೆಸರು ಹಾಕೀಯಿಲ್ಲೋ?"

"ಇಲ್ಲವ್ವಾ."

"ಉಂಡ ಮನಿ ಜಂತಿ ಎಣಸೋ ಜಾತಿ ನೀ."

ಮರುದಿನ ಕಮಿಟಿಯ ಮುಂದೆ ಸಿದ್ಧಾಂತವನ್ನು ಬೆವರುತ್ತ ವಿವರಿಸಿದೆ. ಹಿರಿಯರೊಬ್ಬರು ಕನ್ನಡಕ ಏರಿಸಿ, "ಇದನ್ನು ಯಾರು ಬಳಸಿದ್ದಾರೆ?" ಎಂದರು. ಸುಳ್ಳು ಹೇಳಲು ಬಾಯಿ ತೆರೆದೆ. ಭಯಕ್ಕೆ ನಿಜವೇ ಬಿತ್ತು. "ಯಾರೂ ಇಲ್ಲ ಸರ್. ಶಾಂಪೂ ಮಾತ್ರ ಎಲ್ಲರೂ ಬಳಸಿದ್ದಾರೆ." ಕೋಣೆಯಲ್ಲಿ ನಗು ಎದ್ದಿತು. "ಚಲೋ, ಕುಛ್ ತೋ ಕಾಮ್ ಆಯಾ," ಎಂದು, ಅಷ್ಟಾದರೂ ಉಪಯೋಗಕ್ಕೆ ಬಂತೆಂಬ ಸಮಾಧಾನದಲ್ಲಿ ಅವರು ಇನ್ನೊಂದು ವರ್ಷಕ್ಕೆ ಸಹಿ ಹಾಕಿದರು. ಶರತ್ತು ಒಂದೇ: ನಮ್ಮ ಕೇಂದ್ರಕ್ಕೆ ಬರುವ ತಲೆಗಳನ್ನೆಲ್ಲ ಇನ್ನು ಮುಂದೆ ನಾನೇ ಪರೀಕ್ಷಿಸಿ ಒಳಗೆ ಬಿಡಬೇಕು.

ಈಗ ಬಾಗಿಲಲ್ಲಿ ನಿಂತು ಬಂದವರ ನೆತ್ತಿ ಮುಟ್ಟಿ ನೋಡುತ್ತೇನೆ. ಮೊನ್ನೆ ಅಂಧೇರಿಯಿಂದ ಒಬ್ಬಳು ಕಾಲೇಜು ಹುಡುಗಿ ಬಂದಳು. ಎಣ್ಣೆಯ ಸುಳಿವಿಲ್ಲ, ರೇಶಿಮೆಯಂಥ ಕೂದಲು. ಖುಷಿಯಿಂದ ಒಳಗೆ ಬಿಟ್ಟೆ. ಪರದೆಯ ಮೇಲೆ ಮತ್ತೆ ಅದೇ ಕಡಲು. "ಶಾಂಪೂ ಮಾಡಿಕೊಂಡಿದ್ದೀಯ ತಾನೆ?" ಎಂದೆ. "ಹಾಂ ಸರ್, ಆಪ್ ಕೇ ಲಿಯೇ ಕಂಡಿಶನರ್ ಭೀ ಲಗಾಯಾ," ಎಂದಳು. ಕಂಡಿಶನರೂ ಎಣ್ಣೆಯ ತಂಗಿಯೇ, ತಂತಿಯನ್ನು ಕೂರಗೊಡುವುದಿಲ್ಲ. ಒಂದು ಬೆಳಗಿನ ಕೆಲಸ ಹಾಳಾಯಿತೆಂದು ಮ್ಯಾಡಮ್ ತಲೆ ಹಿಡಿದುಕೊಂಡು ಕೂತರು. ನಾನೂ ಪಕ್ಕದಲ್ಲಿ ಸಾವಿನ ಮನೆಯ ಮುಖ ಮಾಡಿಕೊಂಡು ಕೂತೆ. ಆದರೆ ಒಳಗೊಳಗೇ ನನ್ನ ಎರಡನೇ ಪ್ರಬಂಧ ತಯಾರಾಗುತ್ತಿತ್ತು, ಮತ್ತು ಈ ಸಲ ಅದರಲ್ಲಿ ಮೆದುಳಿನ ಮಾತೇ ತರಬಾರದೆಂದು ನಿರ್ಧರಿಸಿಬಿಟ್ಟಿದ್ದೆ.