ಹೆಸರು ತಾನಾಗಿಯೇ ಬರುತ್ತೆ

ವಿಜ್ಞಾನದ ಮೇಷ್ಟ್ರು ಮಾಡಿದ್ದ ತಪ್ಪು ಒಂದೇ. ಆರು ತಿಂಗಳ ಹಿಂದೆ ಹೆಡ್‌ಮಾಸ್ಟರ ಮೊಬೈಲಿನಲ್ಲಿ ಅಕ್ಷರಗಳನ್ನು ದಪ್ಪ ಮಾಡಿಕೊಟ್ಟಿದ್ದರು. ಅದುವರೆಗೆ ಫೋನನ್ನು ಕೈ ಉದ್ದಕ್ಕೆ ಚಾಚಿ, ಕಚ್ಚುವ ಪ್ರಾಣಿಯ ಹಾಗೆ ದೂರ ಹಿಡಿದು ಓದುತ್ತಿದ್ದ ಹೆಡ್‌ಮಾಸ್ಟರು ಅಂದಿನಿಂದ ಕಂಡಕಂಡವರಿಗೆಲ್ಲ, "ನಮ್ಮ ಶಾಲೇಲಿ ಒಬ್ರು ಕಂಪ್ಯೂಟರ್ ತಜ್ಞರಿದ್ದಾರೆ ಕಣ್ರೀ" ಎಂದು ಹೇಳಿಕೊಂಡು ತಿರುಗಿದರು. ಹಾಳೂರಿಗೆ ಉಳಿದವನೇ ಗೌಡ. ಹೊಗಳಿಕೆಯನ್ನು ಬೇಡವೆನ್ನುವ ಅಭ್ಯಾಸ ಮೇಷ್ಟ್ರಿಗೂ ಇರಲಿಲ್ಲ.

ಆ ಹೊಗಳಿಕೆ ತಿರುಗಿ ಬಂದು ಕಪಾಳಕ್ಕೆ ಬಾರಿಸಿದ್ದು ಒಂದು ಶುಕ್ರವಾರ.

ಅಂದು ಬೆಳಿಗ್ಗೆ ಶಾಲೆಗೆ ಬಂದಾಗ ಮೇಷ್ಟ್ರ ಮುಖದಲ್ಲಿ ಮದುಮಗನ ಕಳೆಯಿತ್ತು. ಮೂರು ವರ್ಷ ಅರ್ಜಿ ಹಾಕಿ ಹಾಕಿ ಕೊನೆಗೂ ಹೆಂಡತಿಯ ಊರಿಗೆ ವರ್ಗಾವಣೆ ಸಿಕ್ಕಿತ್ತು. ಹೆಂಡತಿ ಏಳು ತಾಸಿನ ದಾರಿಯಾಚೆಯ ಊರಿನ ಆಸ್ಪತ್ರೆಯಲ್ಲಿ ನರ್ಸು. ಎರಡು ವರ್ಷದ ಮಗಳು, ತಿಂಗಳಿಗೊಮ್ಮೆ ಬಂದು ಮುದ್ದು ಮಾಡುವ ಈ ಮನುಷ್ಯನನ್ನು ಕಂಡರೆ ಅಜ್ಜಿಯ ಹಿಂದೆ ಅಡಗುತ್ತಿದ್ದಳು. ಅದನ್ನು ನೆನೆದರೆ ಮೇಷ್ಟ್ರಿಗೆ ಊಟ ಸೇರುತ್ತಿರಲಿಲ್ಲ. ಇನ್ನು ಆಗಬೇಕಾದದ್ದು ಒಂದೇ ಕೆಲಸ: ಬಿಡುಗಡೆ ಕಾಗದಕ್ಕೆ ಶಿಕ್ಷಣಾಧಿಕಾರಿ ಮೇಡಂ ಸಹಿ. ಮೇಡಂ ಅಂದು ಮೂರು ಗಂಟೆಗೆ ಶಾಲೆಗೇ ಬರುವವರಿದ್ದರು. ಸಹಿ ಬಿದ್ದ ಕೂಡಲೇ ಹೊರಡುವುದೆಂದು ಮೇಷ್ಟ್ರು ರಾತ್ರಿ ಬಸ್ಸಿಗೆ ಟಿಕೆಟ್ಟು ತೆಗೆದು, ಬಾಡಿಗೆ ಕೋಣೆ ಖಾಲಿ ಮಾಡಿ, ಸೂಟ್‌ಕೇಸನ್ನು ಶಾಲೆಗೇ ತಂದುಬಿಟ್ಟಿದ್ದರು.

ಬಂದವರನ್ನು ಹೆಡ್‌ಮಾಸ್ಟರು ಕೋಣೆಗೆ ಕರೆದರು. "ಬಾಗಿಲು ಹಾಕಿ ಬನ್ನಿ."

ಮೇಷ್ಟ್ರು ಹಾಕಿ ಬಂದರು.

"ಮೂರು ತಿಂಗಳ ಹಿಂದೆ ಒಂದು ಸುತ್ತೋಲೆ ಬಂದಿತ್ತು. ಪ್ರತಿಯೊಬ್ಬ ಶಿಕ್ಷಕರೂ ಕ್ಲಾಸಿನಲ್ಲಿ ಹೊಸ ತಂತ್ರಜ್ಞಾನ ಬಳಸಬೇಕು, ಏನು ಬಳಸಿದ್ವಿ ಅಂತ ಬ್ಲಾಗ್ ಬರೀಬೇಕು ಅಂತ."

"ಅದಕ್ಕೆ ನಾವೇನು ಮಾಡಿದ್ವಿ ಸಾರ್?"

"ಮಾಡಿದ್ದೀವಿ ಅಂತ ಬರೆದು ಕಳಿಸಿದ್ವಿ."

ಹೆಡ್‌ಮಾಸ್ಟರು ಎದ್ದು ಫ್ಯಾನು ಜೋರು ಮಾಡಿದರು.

"ಮೇಡಂ ಇವತ್ತು ಬರ್ತಿರೋದು ಅದನ್ನೇ ನೋಡೋಕೆ" ಎಂದರು ಹೆಡ್‌ಮಾಸ್ಟರು. "ನೀವು ತಜ್ಞರು. ಮೂರು ಗಂಟೆಯೊಳಗೆ ಎಲ್ಲರ ಕೈಲೂ ಬರೆಸಿಬಿಡಿ. ನಿಮ್ಮ ಕಾಗದಕ್ಕೆ ನಾನೇ ಮುಂದೆ ನಿಂತು ಸಹಿ ಹಾಕಿಸ್ತೀನಿ."

"ಬರೆಸೋಕೆ ಆಗದಿದ್ರೆ?"

ಹೆಡ್‌ಮಾಸ್ಟರು ಬಿಡುಗಡೆ ಕಾಗದವನ್ನು ಮೇಜಿನ ಡ್ರಾಯರಿನೊಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಬೇರೆ ಉತ್ತರ ಬೇಕಿರಲಿಲ್ಲ.

ಈ ತಜ್ಞರು ಜನ್ಮದಲ್ಲಿ ಬ್ಲಾಗ್ ಬರೆದವರಲ್ಲ. ಗ್ರಂಥಾಲಯದ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಂಪ್ಯೂಟರನ್ನು ಎಬ್ಬಿಸಿ, ಸುತ್ತೋಲೆಯ ಜೊತೆ ಬಂದಿದ್ದ ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಕೇಳಿದಲ್ಲೆಲ್ಲ ತಮ್ಮ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಕೊಟ್ಟರು. ಒಂದು ಗಂಟೆಯ ಗುದ್ದಾಟದ ಮೇಲೆ ಬಿಳಿ ಹಾಳೆಯೊಂದು ತೆರೆದುಕೊಂಡಿತು. 'ನಮಸ್ಕಾರ' ಎಂದು ಬರೆದು ಒತ್ತಿದರು. ಅದರ ಕೆಳಗೆ ಮೇಷ್ಟ್ರ ಪೂರ್ತಿ ಹೆಸರು ತಾನಾಗಿಯೇ ಮೂಡಿತು. ಮೇಷ್ಟ್ರಿಗೆ ರೋಮಾಂಚನವಾಯಿತು. ಎಲಾ ಯಂತ್ರವೇ, ಬರೆದವರು ಯಾರು ಅಂತ ನಿನಗೇ ಗೊತ್ತಾಗುತ್ತಲ್ಲ!

ಮೊದಲು ಬಂದವರು ಭಾಷಾ ಪಂಡಿತರು. ಕಾಗದದಲ್ಲಿ ಬರೆದುಕೊಂಡು ಬಂದದ್ದನ್ನು ಒಂದೇ ಬೆರಳಲ್ಲಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ಅಕ್ಷರ ಹುಡುಕಿ ಹುಡುಕಿ ಒತ್ತಿದರು. 'ನಾನು ಮೊಬೈಲಿನಲ್ಲಿ ಕಾವ್ಯವಾಚನ ಕೇಳಿಸಿ ಮಕ್ಕಳಿಗೆ ಪದ್ಯ ಕಲಿಸುತ್ತೇನೆ.' ಪಂಡಿತರ ಬಳಿ ಮೊಬೈಲೇ ಇರಲಿಲ್ಲ.

"ಕೆಳಗೆ ನನ್ನ ಹೆಸರು ಬರೀಬೇಕೇನಯ್ಯಾ?"

"ಬೇಡ ಪಂಡಿತರೇ, ಹೆಸರು ತಾನಾಗಿಯೇ ಬರುತ್ತೆ."

"ನಾನು ಯಾರು ಅಂತ ಅದಕ್ಕೆ ಹೇಗೆ ಗೊತ್ತು?"

ಅದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದರೆ ಅವನೆಂಥ ತಜ್ಞ? ಪರದೆಯ ನೆತ್ತಿಯಲ್ಲಿದ್ದ ಸಣ್ಣ ಗಾಜಿನ ಬೊಟ್ಟು ಕಣ್ಣಿಗೆ ಬಿತ್ತು. "ಇಗೋ, ಇಲ್ಲಿ ಕಣ್ಣಿದೆ ನೋಡಿ. ಎದುರಿಗೆ ಕೂತವರನ್ನ ನೋಡಿ ಹೆಸರು ಹಾಕ್ಕೊಳ್ಳುತ್ತೆ."

ಪಂಡಿತರು ತಟ್ಟನೆ ಬೆನ್ನು ನೇರ ಮಾಡಿಕೊಂಡು, ಕನ್ನಡಕ ತೆಗೆದು, ಆ ಕಣ್ಣನ್ನೇ ದಿಟ್ಟಿಸುತ್ತ ಗುಂಡಿ ಒತ್ತಿದರು. ಹೆಸರು ಕಾಣುವ ಮೊದಲೇ ಬರಹ ಮಾಯವಾಗಿ ಹೊಸ ಬಿಳಿ ಹಾಳೆ ಬಂತು.

ಸುದ್ದಿ ಹಬ್ಬಿದ್ದೇ ತಡ, ಹೊಲಿಗೆ ಟೀಚರು ತಲೆ ಬಾಚಿಕೊಂಡೇ ಬಂದರು. 'ಬೆಳಿಗ್ಗೆ ಐದಕ್ಕೆದ್ದು ಯಜಮಾನರಿಗೆ ತಿಂಡಿ ಮಾಡಿಟ್ಟು, ಶಾಲೆಗೆ ಬಂದು, ವಿಡಿಯೊ ತೋರಿಸಿ ಮಕ್ಕಳಿಗೆ ಅಂಗಿ ಗುಂಡಿಯ ಕಾಜಾ ಹೊಲಿಯುವುದನ್ನು ಕಲಿಸುತ್ತೇನೆ' ಎಂದು ಬರೆದು, ಕಣ್ಣಿಗೆ ಒಂದು ನಗೆ ಕೊಟ್ಟು ಎದ್ದರು. ಪಿ.ಟಿ. ಮೇಷ್ಟ್ರು ಎದೆಯುಬ್ಬಿಸಿ ಕೂತು, 'ಮೊಬೈಲಿನಲ್ಲಿ ಸಮಯ ನೋಡಿಕೊಂಡು ಮಕ್ಕಳನ್ನು ಓಡಿಸುತ್ತೇನೆ' ಎಂದು ಬರೆದರು. ಸಮಯ ನೋಡುತ್ತಿದ್ದದ್ದಂತೂ ನಿಜ. ಮರದ ನೆರಳಲ್ಲಿ ಮಲಗಿ, ಬೆಲ್ಲು ಎಷ್ಟು ಹೊತ್ತಿಗೆ ಹೊಡೆಯುತ್ತದೆ ಎಂದು ನೋಡುತ್ತಿದ್ದರು. ಕೊನೆಗೆ ಬಂದ ಹೆಡ್‌ಮಾಸ್ಟರು, 'ಈ ಶಾಲೆಯನ್ನು ನಾನೊಬ್ಬನೇ ತಲೆಯ ಮೇಲೆ ಹೊತ್ತು ನಡೆಸುತ್ತಿದ್ದೇನೆ' ಎಂದು ಬರೆದು ನಿಟ್ಟುಸಿರುಬಿಟ್ಟರು. ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ತಮ್ಮ ಪಾಠದ ಬಗ್ಗೆ ಬರೆಯಲು ವಿಜ್ಞಾನದ ಮೇಷ್ಟ್ರಿಗೆ ಹೊತ್ತೇ ಸಿಗಲಿಲ್ಲ.

ಮೇಡಂ ಗ್ರಂಥಾಲಯಕ್ಕೆ ಬಂದು ಕೂತರು. ಬ್ಲಾಗನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಲಾಯಿತು. ಪಂಡಿತರ ಪದ್ಯ ಬಂತು. ಕೆಳಗೆ ವಿಜ್ಞಾನದ ಮೇಷ್ಟ್ರ ಹೆಸರು. ಕಾಜಾ ಬಂತು, ಅದರ ಕೆಳಗೂ ಅದೇ ಹೆಸರು. ಓಟ ಬಂತು, ಶಾಲೆ ಹೊತ್ತ ತಲೆ ಬಂತು, ಎಲ್ಲದರ ಕೆಳಗೂ ಒಂದೇ ಹೆಸರು. ಮೇಷ್ಟ್ರು ತಿರುಗಿ ಪರದೆಯ ನೆತ್ತಿಯ ಬೊಟ್ಟನ್ನು ನೋಡಿದರು. ಹಾಳು ಕಣ್ಣು! ಬೆಳಿಗ್ಗೆಯಿಂದ ಅದು ನನ್ನೊಬ್ಬನನ್ನೇ ನೋಡುತ್ತಿತ್ತೇ?

ಪಿ.ಟಿ. ಮೇಷ್ಟ್ರು, "ರೀ, ಅದು ನನ್..." ಎಂದು ಬಾಯಿ ತೆರೆದರು.

"ಒಂದು ನಿಮಿಷ" ಎಂದರು ಮೇಡಂ. "ಕಾಗದದ ಮೇಲೆ ಎಲ್ಲ ಶಾಲೆಯವರೂ ಬರೀತಾರೆ. ನಂಗೆ ಕಣ್ಣಾರೆ ನೋಡಬೇಕು. ಇವನ್ನೆಲ್ಲ ಯಾರು ಬರೆದಿದ್ದಾರೋ ಅವರು ಈಗಲೇ ಮಕ್ಕಳ ಮುಂದೆ ಮಾಡಿ ತೋರಿಸಲಿ. ಸುಳ್ಳು ಬರೆದಿದ್ರೆ ಅಮಾನತು."

ಪಿ.ಟಿ. ಮೇಷ್ಟ್ರ ಬಾಯಿ ಮುಚ್ಚಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಪಂಡಿತರು ಕೆಮ್ಮಿ, "ಹೆಸರು ಅಲ್ಲೇ ಇದೆಯಲ್ಲ ಮೇಡಂ, ಎಲ್ಲ ಇವರದೇ" ಎಂದರು. "ಇವರದೇ, ಇವರದೇ" ಎಂದರು ಹೊಲಿಗೆ ಟೀಚರು, ಹರಕೆಯ ಕುರಿಗೆ ಹಾರ ಹಾಕುವ ಉತ್ಸಾಹದಲ್ಲಿ.

"ಅಯ್ಯೋ ಮೇಡಂ, ನಾನು..." ಎಂದು ಮೇಷ್ಟ್ರು ಶುರುಮಾಡುವಷ್ಟರಲ್ಲಿ ಹಿಂದಿನಿಂದ ಹೆಡ್‌ಮಾಸ್ಟರು ಅಂಗಿ ಜಗ್ಗಿದರು. "ಒಪ್ಕೊಳ್ರೀ! ನಿಮಗೆ ಸಹಿ ಬೇಕೋ ಬೇಡ್ವೋ?"

ಮೇಷ್ಟ್ರ ಕಣ್ಣ ಮುಂದೆ ಮಗಳು ಬಂದಳು. "ಹೌದು ಮೇಡಂ, ನಾನೇ" ಎಂದರು.

"ಇದೇನು, ಯಜಮಾನರಿಗೆ ತಿಂಡಿ ಅಂತ ಬರೆದಿದ್ದೀರಿ?"

ಹೊಲಿಗೆ ಟೀಚರು ಕಿಟಕಿಯಾಚೆ ನೋಡತೊಡಗಿದರು. ಮೇಷ್ಟ್ರು ಬೆವರು ಒರೆಸಿಕೊಂಡರು. "ಅದು... ಹೊಲಿಗೆ ಅಲ್ವಾ ಮೇಡಂ, ಒಬ್ಬ ಗೃಹಿಣಿ ಹೇಳಿದ ಹಾಗೆ ಬರೆದ್ರೆ ಮಕ್ಕಳ ಮನಸ್ಸಿಗೆ ಚೆನ್ನಾಗಿ ನಾಟುತ್ತೆ ಅಂತ..."

"ಅಬ್ಬಾ, ಎಂಥ ಕಲ್ಪನೆ!" ಮೇಡಂ ಡೈರಿಯಲ್ಲಿ ಗುರುತು ಹಾಕಿಕೊಂಡರು. "ತಮ್ಮ ವಿಜ್ಞಾನದ ಪಾಠದ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ, ಬರೀ ನಮಸ್ಕಾರ. ಎಂಥ ವಿನಯ!"

ಮುಂದಿನ ಒಂದೂವರೆ ಗಂಟೆ ಮೇಷ್ಟ್ರು ಮನುಷ್ಯರಾಗಿ ಉಳಿಯಲಿಲ್ಲ. ಏಳನೇ ತರಗತಿಗೆ ನುಗ್ಗಿ ವಿಡಿಯೊ ಹಾಕಿ, ಅದನ್ನು ನೋಡಿ ತಾವೂ ಅದೇ ಕ್ಷಣ ಕಲಿಯುತ್ತ, ಬೆರಳಿಗೆ ನಾಲ್ಕು ಸಲ ಸೂಜಿ ಚುಚ್ಚಿಕೊಂಡು ಕಾಜಾ ಹೊಲಿದರು. ಎಂಟನೇ ತರಗತಿಗೆ ಪದ್ಯ ಕೇಳಿಸಿ, ಅರ್ಥ ಹೇಳಿ, ಕೊನೆಗೆ ಆವೇಶ ಬಂದು ತಾವೇ ಹಾಡಿಬಿಟ್ಟರು. ಮೈದಾನಕ್ಕೆ ಓಡಿ, ಮೊಬೈಲಿನಲ್ಲಿ ಸಮಯ ಅಳೆಯುತ್ತ ಮಕ್ಕಳ ಜೊತೆ ತಾವೂ ಆರು ಸುತ್ತು ಓಡಿದರು. ನಾಲ್ಕನೇ ಸುತ್ತಿನಲ್ಲಿ ಚಪ್ಪಲಿ ಕಿತ್ತುಹೋಯಿತು, ಬರಿಗಾಲಲ್ಲೇ ಮುಗಿಸಿದರು. ಪ್ರತಿ ಸುತ್ತಿಗೂ ಹೆಂಡತಿಯ ಊರು ಹತ್ತಿರವಾಗುತ್ತಿರುವಂತೆ ಕಾಣುತ್ತಿತ್ತು. ಮಕ್ಕಳಿಗಂತೂ ಅಷ್ಟು ಮಜಾ ಬಂದ ಶುಕ್ರವಾರ ಹಿಂದೆ ಬಂದಿರಲಿಲ್ಲ. ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಪಂಡಿತರೂ ಪಿ.ಟಿ. ಮೇಷ್ಟ್ರೂ ಚಪ್ಪಾಳೆ ತಟ್ಟಿದರು.

ಏದುಸಿರು ಬಿಡುತ್ತ ಮೇಷ್ಟ್ರು ಕೋಣೆಗೆ ಬಂದಾಗ ಮೇಡಂ ಮುಖ ಅರಳಿತ್ತು. ಹೆಡ್‌ಮಾಸ್ಟರು ಕೊಟ್ಟ ಮಾತಿನಂತೆ ಡ್ರಾಯರು ತೆರೆದು ಕಾಗದವನ್ನು ಮುಂದಿಟ್ಟರು. ಮೇಡಂ ಪೆನ್ನು ತೆಗೆದು ಬರೆಯತೊಡಗಿದರು. ಮೇಷ್ಟ್ರು ಕಣ್ಣು ಮುಚ್ಚಿ ಮನೆದೇವರನ್ನು ನೆನೆದರು. ಕಣ್ಣು ಬಿಟ್ಟರೆ ಮೇಡಂ ಇನ್ನೂ ಬರೆಯುತ್ತಲೇ ಇದ್ದರು. ಸಹಿಗೆ ಇಷ್ಟು ಉದ್ದವೇ?

"ನಿಮ್ಮಂಥವರನ್ನ ಇಲ್ಲಿಂದ ಕಿತ್ತರೆ ಈ ಶಾಲೆ ನಾಳೆ ಮುಚ್ಚಿಹೋಗುತ್ತೆ" ಎಂದರು ಮೇಡಂ, ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿ. "ನಿಮ್ಮ ವರ್ಗಾವಣೆ ರದ್ದು ಮಾಡಿದ್ದೀನಿ. ಸಂತೋಷ ತಾನೇ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಮೇಡಂ, ನನ್ನ ಹೆಂಡತಿ, ಮಗು... ಇವನ್ನೆಲ್ಲ ನಾನು ಬರೆದೇ ಇಲ್ಲ ಮೇಡಂ! ಒಂದು ಸಾಲೂ ನನ್ನದಲ್ಲ!"

"ನೋಡಿ, ಮತ್ತೆ ವಿನಯ" ಎಂದು ಮೇಡಂ ಹೆಡ್‌ಮಾಸ್ಟರ ಕಡೆ ತಿರುಗಿ ತಲೆದೂಗಿದರು. "ನಾಳೆಯಿಂದ ಹೊಲಿಗೆ, ಆಟ ಎರಡೂ ಪೀರಿಯಡ್ಡು ಇವರಿಗೇ ಕೊಡಿ. ಇವರು ಹೋಗಬೇಕಿದ್ದ ಶಾಲೆಗೂ ಒಬ್ಬರು ಬೇಕಲ್ಲ, ಇವರ ಬದಲಿಗೆ ಪಿ.ಟಿ. ಮೇಷ್ಟ್ರನ್ನ ಕಳಿಸಿದ್ದೀನಿ. ಹೇಗಿದ್ರೂ ಅವರಿಗೆ ಇಲ್ಲಿ ಕೆಲಸ ಇಲ್ಲ."

ಜೀಪು ಹೋಯಿತು. ಹೆಡ್‌ಮಾಸ್ಟರು, "ನಾನು ಮಾತು ತಪ್ಪಲಿಲ್ಲ ನೋಡಿ, ಸಹಿ ಹಾಕಿಸಿದೆ" ಎಂದು ಮೆಲ್ಲಗೆ ಮನೆಯ ದಾರಿ ಹಿಡಿದರು. ಮೇಷ್ಟ್ರು ಜಗಲಿಯಲ್ಲಿ ಸೂಟ್‌ಕೇಸಿನ ಮೇಲೆ ಕುಸಿದು ಕೂತರು. ಬರಿಗಾಲು ಉರಿಯುತ್ತಿತ್ತು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ. "ಹೊರಟ್ರಾ? ಅಪ್ಪ ಬರ್ತಾರೆ ಅಂತ ಇವಳು ಬಾಗಿಲಲ್ಲೇ ಕೂತಿದ್ದಾಳೆ, ಒಳಗೆ ಬಾ ಅಂದ್ರೆ ಕೇಳ್ತಿಲ್ಲ" ಎಂದಳು. ಮೇಷ್ಟ್ರು, "ಆಮೇಲೆ ಮಾಡ್ತೀನಿ" ಎಂದು ಫೋನು ಇಟ್ಟರು.

ತಲೆಯೆತ್ತಿದರೆ ಪಿ.ಟಿ. ಮೇಷ್ಟ್ರು ಎದುರಿಗೆ ನಿಂತಿದ್ದರು. ಮುಖದಲ್ಲಿ ನಿಜವಾದ ಕನಿಕರವಿತ್ತು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ಎಲ್ಲ ಹಣೆಬರಹ. ನಂಗೆ ನಾಳೆ ಬೆಳಿಗ್ಗೆನೇ ಅಲ್ಲಿ ಹಾಜರಾಗಬೇಕಂತೆ. ಮನೆಗೇನಾದ್ರೂ ಕೊಡೋದಿದ್ರೆ ಕೊಡಿ, ಜೋಪಾನವಾಗಿ ತಲುಪಿಸ್ತೀನಿ." ಅವರು ಪಕ್ಕಕ್ಕೆ ಕೂತು ದನಿ ತಗ್ಗಿಸಿದರು. "ರಾತ್ರಿ ಬಸ್ಸು ಪೂರ್ತಿ ತುಂಬಿದೆಯಂತೆ. ನಿಮ್ಮ ಟಿಕೆಟ್ಟು ಹೇಗಿದ್ರೂ ದಂಡ ಆಗುತ್ತಲ್ಲ... ಕಿಟಕಿ ಪಕ್ಕದ್ದೇ ತಾನೇ?"